ಬಿಲ್ಲಿನಲ್ಲಿ 3200, ಬೋರ್ಡಿನಲ್ಲಿ 2133

ಮದುವೆ ಮುಗಿದ ಮೂರು ನಾಲ್ಕು ದಿನಕ್ಕೆ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರಿನ ಸ್ಟುಡಿಯೋಗಳಿಂದ ಹಾರ್ಡ್‌ಡಿಸ್ಕ್ ನನ್ನ ಕೈ ಸೇರುತ್ತದೆ. ಹಾಲುರಾಮೇಶ್ವರದ ಮನೆಯಲ್ಲೇ ಕೂತು ಎಡಿಟಿಂಗ್ ಮಾಡುವವಳು ನಾನು. ಧಾರೆ, ಆರತಕ್ಷತೆ, ಡ್ರೋನ್ ಶಾಟ್, ಹೈಲೈಟ್ಸ್, ಟೀಸರ್ ಎಲ್ಲವೂ ಇಲ್ಲಿ ಒಟ್ಟುಗೂಡಿ, ಪೆನ್‌ಡ್ರೈವ್ ಆಗಿ ಮದುವೆ ಮನೆಗೆ ಹೋಗುತ್ತವೆ. ಈಚಿನ ವರ್ಷಗಳಲ್ಲಿ ಹಾರ್ಡ್‌ಡಿಸ್ಕ್ ಜೊತೆಗೆ ಸಿಪಿಯು ಡಬ್ಬಗಳೂ ಬರತೊಡಗಿವೆ. ಎಡಿಟಿಂಗನ್ನೂ ತಾವೇ ಮಾಡಿಕೊಳ್ಳೋಣ ಎಂದು ಸಂಘದಲ್ಲಿ ಸಾಲ ಎತ್ತಿ ಸಿಸ್ಟಂ ಕೊಂಡ ಹುಡುಗರು ತರುತ್ತಾರೆ. "ಅಕ್ಕಾ, ಹೊಸಾ ಸಿಸ್ಟಮ್ಮು, ಆದ್ರೂ ಟೈಮ್‌ಲೈನ್ ಎಳೆದ್ರೆ ನಿಂತ್ ನಿಂತು ಹೋಗ್ತೈತೆ, ಒಂದ್ಸಲ ನೋಡ್ರಿ" ಎಂದು ಬಾಗಿಲಲ್ಲಿ ಇಳಿಸುತ್ತಾರೆ. ಬರುವಾಗ ಬಿಲ್ಲೂ ತನ್ನಿ ಎಂದು ನಾನು ಮೊದಲೇ ಹೇಳಿರುತ್ತೇನೆ.

ಬಿಲ್ಲಿನಲ್ಲಿ ರ‍್ಯಾಮ್ ಮುಂದೆ "16 ಜಿಬಿ ಡಿಡಿಆರ್4 3200" ಎಂದಿರುತ್ತದೆ. ಸಿಸ್ಟಂ ಆನ್ ಮಾಡಿ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಮೇಲೆ ಕ್ಲಿಕ್ ಮಾಡಿದರೆ ಕೆಳಗೆ ಸ್ಪೀಡ್ ಎಂದು ಒಂದು ಅಂಕಿ ಕಾಣುತ್ತದೆ. ಎಷ್ಟೋ ಸಲ ಅಲ್ಲಿ 2133 ಇರುತ್ತದೆ, ಇಲ್ಲವೇ 2400. ಅದರ ಹತ್ತಿರವೇ ಎಷ್ಟು ಸ್ಲಾಟ್ ಬಳಕೆಯಲ್ಲಿದೆ ಎಂದೂ ತೋರಿಸುತ್ತದೆ. ಎರಡರಲ್ಲಿ ಒಂದು, ನಾಲ್ಕರಲ್ಲಿ ಒಂದು ಎಂದಿದ್ದರೆ ಆ ಹುಡುಗ ಎರಡು ಕಡೆ ಕಳೆದುಕೊಂಡಿದ್ದಾನೆ. ದುಡ್ಡು ಕೊಟ್ಟ ವೇಗವೂ ಸಿಕ್ಕಿಲ್ಲ, ಅದೇ 16 ಜಿಬಿಯನ್ನು ಎಂಟೆಂಟರ ಜೋಡಿಯಾಗಿ ಹಾಕಿದ್ದರೆ ಡೇಟಾ ಸಾಗಲು ಸಿಗುತ್ತಿದ್ದ ಎರಡನೇ ದಾರಿಯೂ ಸಿಕ್ಕಿಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟು. ಎಡಿಟಿಂಗ್‌ಗೆಂದು ಸಿಸ್ಟಂ ಮಾರುವವರು ರ‍್ಯಾಮ್ ನಿಜವಾಗಿ ಯಾವ ವೇಗದಲ್ಲಿ, ಎಷ್ಟು ವೋಲ್ಟೇಜ್‌ನಲ್ಲಿ ಓಡುತ್ತಿದೆ ಎಂಬುದನ್ನು ಪರೀಕ್ಷಿಸಿ, ಬಿಲ್ಲಿನ ಮೇಲೆ ಬರೆದುಕೊಡಬೇಕು. ಕೊಳ್ಳುವ ನಾವು ಡಬ್ಬದ ಮೇಲಿನ ದೊಡ್ಡ ಅಂಕಿಗೆ ಮರುಳಾಗದೆ, ಮೊದಲು ಎಷ್ಟು ಜಿಬಿ, ಆಮೇಲೆ ಜೋಡಿ ಇದೆಯೇ, ಕೊನೆಗೆ ವೇಗ ಎಷ್ಟು ಎಂಬ ಕ್ರಮದಲ್ಲಿ ದುಡ್ಡು ಹಾಕಬೇಕು. ವೇಗದ ಆಸೆಗೆ ಕೈಯಾರೆ ವೋಲ್ಟೇಜ್ ಏರಿಸುವ ಚಾಳಿಯಂತೂ ಮದುವೆ ಕೆಲಸ ಮಾಡುವವರಿಗೆ ಬೇಡವೇ ಬೇಡ.

ರ‍್ಯಾಮ್ ಒಳಗೆ ಏನು ನಡೆಯುತ್ತದೆ ಎಂದು ತಿಳಿದರೆ ವೋಲ್ಟೇಜ್ ವಿಷಯ ಅರ್ಧ ಬಗೆಹರಿದಂತೆ. ಈಗಲೂ ಎಲ್ಲ ಕಂಪ್ಯೂಟರ್‌ಗಳಲ್ಲಿರುವ ಡೈನಮಿಕ್ ರ‍್ಯಾಮ್‌ನ ಮೂಲ ವಿನ್ಯಾಸ ಐಬಿಎಂನ ರಾಬರ್ಟ್ ಡೆನಾರ್ಡ್ ಅವರದು. 1968ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು, 2024ರಲ್ಲಿ ಅವರು ತೀರಿಕೊಂಡರು. ಒಂದು ಟ್ರಾನ್ಸಿಸ್ಟರ್, ಒಂದು ಪುಟ್ಟ ಕೆಪಾಸಿಟರ್, ಅಷ್ಟೇ ಒಂದು ಕೋಶ. ಕೆಪಾಸಿಟರ್‌ನಲ್ಲಿ ವಿದ್ಯುತ್ ತುಂಬಿದ್ದರೆ ಒಂದು, ಖಾಲಿಯಿದ್ದರೆ ಸೊನ್ನೆ. ಆದರೆ ಅದು ಸಣ್ಣ ತೂತಿರುವ ಕೊಡದ ಹಾಗೆ, ತುಂಬಿದ್ದು ನಿಲ್ಲುವುದಿಲ್ಲ, ಸೋರುತ್ತಲೇ ಇರುತ್ತದೆ. ಹಾಗಾಗಿ ಪ್ರತಿ ಕೋಶವನ್ನೂ 64 ಮಿಲಿಸೆಕೆಂಡಿಗೊಮ್ಮೆ ಓದಿ ಮತ್ತೆ ತುಂಬಬೇಕು. ಚಿಪ್ಪು 85 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸೋರಿಕೆ ಹೆಚ್ಚುವುದರಿಂದ ಈ ತುಂಬುವ ಕೆಲಸ ಎರಡರಷ್ಟು ಬೇಗ ಆಗಬೇಕು. ವೇಗ ಏರಿಸುವುದೆಂದರೆ ಪ್ರತಿ ಓದಿಗೂ ಬರಹಕ್ಕೂ ಸಿಗುವ ಸಮಯವನ್ನು ಕುಗ್ಗಿಸುವುದು. ಅಷ್ಟು ಕಡಿಮೆ ಸಮಯದಲ್ಲಿ ಒಂದು ಯಾವುದು, ಸೊನ್ನೆ ಯಾವುದು ಎಂದು ಸ್ಪಷ್ಟವಾಗಿ ಗುರುತಿಸಲು ವೋಲ್ಟೇಜ್ ತುಸು ಜಾಸ್ತಿ ಬೇಕಾಗುತ್ತದೆ. ವೋಲ್ಟೇಜ್ ಹೆಚ್ಚಿದಷ್ಟೂ ಬಿಸಿ ಹೆಚ್ಚುತ್ತದೆ.

ಡಿಡಿಆರ್3 ಕಾಲದಲ್ಲಿ ಒಪ್ಪಿತ ವೋಲ್ಟೇಜ್ 1.5 ಇತ್ತು. ಡಿಡಿಆರ್4ಕ್ಕೆ ಅದು 1.2 ಆಯಿತು, ಡಿಡಿಆರ್5ಕ್ಕೆ 1.1. ಇದು ಎಲ್ಲ ಕಂಪನಿಗಳೂ ಸೇರಿ ಒಪ್ಪಿದ ಮಟ್ಟ. ಹೊಸ ಸ್ಟಿಕ್ಕನ್ನು ಬೋರ್ಡಿಗೆ ಕೂರಿಸಿ, ಬೋರ್ಡಿನ ಸೆಟ್ಟಿಂಗ್‌ಗಳಿರುವ ಬಯೋಸ್ ಮುಟ್ಟದೆ ಬಿಟ್ಟರೆ ಅದು ಈ ಮಟ್ಟದಲ್ಲೇ, ಸುರಕ್ಷಿತವಾದ ಕಡಿಮೆ ವೇಗದಲ್ಲಿ ಓಡುತ್ತದೆ. ಬಹಳಷ್ಟು ಸ್ಟಿಕ್ಕುಗಳಲ್ಲಿ ಡಬ್ಬದ ಮೇಲೆ ಬರೆದ 3200 ಬರಬೇಕಾದರೆ ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ಆನ್ ಮಾಡಬೇಕು. ಇಂಟೆಲ್ ಇದನ್ನು 2007ರಲ್ಲಿ ತಂದಿತು. ಎಎಂಡಿ 2022ರಲ್ಲಿ ಡಿಡಿಆರ್5ಕ್ಕಾಗಿ ಎಕ್ಸ್‌ಪೋ ಎಂಬ ತನ್ನದೇ ಆವೃತ್ತಿ ತಂದಿತು. ಸ್ಟಿಕ್ಕಿನೊಳಗಿನ ಸಣ್ಣ ಚಿಪ್ಪಿನಲ್ಲಿ ತಯಾರಕರು ಬರೆದಿಟ್ಟ ವೇಗ, ಟೈಮಿಂಗ್, ವೋಲ್ಟೇಜ್ ಮೂರನ್ನೂ ಬೋರ್ಡು ಓದಿ ಜಾರಿ ಮಾಡುತ್ತದೆ. 3200ರ ಡಿಡಿಆರ್4 ಜೋಡಿಗಳಲ್ಲಿ ಬಹುಪಾಲಿಗೆ ಆ ವೋಲ್ಟೇಜ್ 1.35. ಕಂಪನಿಯೇ ಆ ವೋಲ್ಟೇಜ್‌ನಲ್ಲಿ ಪರೀಕ್ಷಿಸಿ ವಾರಂಟಿ ಕೊಡುತ್ತದೆ, ಅದರಲ್ಲಿ ಹೆದರುವಂಥದ್ದೇನಿಲ್ಲ. ಆದರೆ 1.2ರಿಂದ 1.35ಕ್ಕೆ ಹೋದಾಗ ವೋಲ್ಟೇಜ್ ಏರುವುದು ಶೇ 12.5. ಖರ್ಚಾಗುವ ವಿದ್ಯುತ್ ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ವೇಗದ ಲೆಕ್ಕ ಸೇರಿಸುವ ಮೊದಲೇ ಅದು ಸುಮಾರು ಶೇ 27 ಹೆಚ್ಚುತ್ತದೆ. ತಗಡಿನ ಚಾವಣಿಯ ಸ್ಟುಡಿಯೋದಲ್ಲಿ, ಏಪ್ರಿಲ್ ಮಧ್ಯಾಹ್ನ, ದೂಳು ಕಟ್ಟಿದ ಫ್ಯಾನಿನ ಡಬ್ಬದೊಳಗೆ ಈ ಶೇ 27ಕ್ಕೆ ಬೆಲೆಯಿದೆ.

ಇನ್ನು ವೇಗದಿಂದ ಎಡಿಟಿಂಗ್‌ಗೆ ಎಷ್ಟು ಲಾಭ? ಲೆಕ್ಕ ಹಾಕಿಯೇ ನೋಡೋಣ. 4ಕೆ ಚಿತ್ರದ ಒಂದು ಫ್ರೇಮಿನಲ್ಲಿ 3840 ಗುಣಿಸು 2160, ಅಂದರೆ ಸುಮಾರು 83 ಲಕ್ಷ ಚುಕ್ಕೆಗಳಿವೆ. ಬಣ್ಣ ತಿದ್ದುವಾಗ ಸಾಫ್ಟ್‌ವೇರ್ ಪ್ರತಿ ಚುಕ್ಕೆಗೂ 16 ಬೈಟ್ ಬಳಸಿತು ಎಂದಿಟ್ಟುಕೊಂಡರೆ ಒಂದು ಫ್ರೇಮು ಸುಮಾರು 133 ಎಂಬಿ. ಸೆಕೆಂಡಿಗೆ 25 ಫ್ರೇಮಿನಂತೆ 3.3 ಜಿಬಿ. ಇದು ಒಂದು ಪದರದ ಲೆಕ್ಕ. ಮೂರು ಕ್ಯಾಮೆರಾ, ಮೇಲೊಂದು ಹೆಸರಿನ ಪಟ್ಟಿ, ಕೆಳಗೆ ಎಲ್ಇಡಿ ಬೆಳಕಿನ ಎಫೆಕ್ಟ್, ಪ್ರತಿಯೊಂದಕ್ಕೂ ಒಮ್ಮೆ ಓದಿ ಒಮ್ಮೆ ಬರೆಯುವುದು ಎಂದರೆ ಸುಲಭವಾಗಿ 20 ಜಿಬಿ ದಾಟುತ್ತದೆ. 2133ರಲ್ಲಿ ಓಡುವ ಒಂಟಿ ಸ್ಟಿಕ್ ಸೆಕೆಂಡಿಗೆ ಹೆಚ್ಚೆಂದರೆ 17 ಜಿಬಿ ಸಾಗಿಸಬಲ್ಲದು. ಅದೇ ವೇಗದ ಎರಡು ಸ್ಟಿಕ್ ಜೋಡಿಯಾಗಿ ಕೂತರೆ 34 ಜಿಬಿ. 3200ರ ಜೋಡಿ 51 ಜಿಬಿ. ಗಮನಿಸಿ, ಒಂಟಿಯಿಂದ ಜೋಡಿಗೆ ಬಂದಾಗ ಆದ ಲಾಭ ಒಂದಕ್ಕೆರಡು. 2133ರಿಂದ 3200ಕ್ಕೆ ಏರಿದಾಗ ಆದದ್ದು ಒಂದಕ್ಕೆ ಒಂದೂವರೆ.

ಇದು ಕಾಗದದ ಮೇಲಿನ ಲೆಕ್ಕ. ಟೈಮ್‌ಲೈನ್ ಮುಂದೆ ಕೂತಾಗ ಈ ವ್ಯತ್ಯಾಸ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ, ಏಕೆಂದರೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವ ಸಿಸ್ಟಂನಲ್ಲಿ ಬಣ್ಣ, ಎಫೆಕ್ಟ್ ಕೆಲಸವೆಲ್ಲ ಆ ಕಾರ್ಡಿನ ಸ್ವಂತ ಮೆಮೊರಿಯಲ್ಲಿ ನಡೆಯುತ್ತದೆ. ಎಕ್ಸ್‌ಪೋರ್ಟ್‌ನ ಬಹುಪಾಲು ಹೊರೆ ಕಾರ್ಡಿನ ಎನ್‌ಕೋಡರ್ ಮೇಲೋ ಪ್ರೊಸೆಸರ್ ಮೇಲೋ ಬೀಳುತ್ತದೆ. ಅಂಥ ಸಿಸ್ಟಂನಲ್ಲಿ ರ‍್ಯಾಮ್ ವೇಗ ಏರಿಸಿದರೆ ಒಂದೂವರೆ ಗಂಟೆಯ ಮದುವೆ ವಿಡಿಯೋ ಎಕ್ಸ್‌ಪೋರ್ಟ್‌ನಲ್ಲಿ ಉಳಿಯುವುದು ಕೆಲವೇ ನಿಮಿಷ. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ, ಪ್ರೊಸೆಸರ್ ಒಳಗಿನ ಗ್ರಾಫಿಕ್ಸನ್ನೇ ನಂಬಿದ ಸಿಸ್ಟಂ ಕಥೆ ಬೇರೆ. ಅಲ್ಲಿ ಗ್ರಾಫಿಕ್ಸಿಗೂ ಪ್ರೊಸೆಸರ್‌ಗೂ ಇರುವುದು ಒಂದೇ ರ‍್ಯಾಮ್, ಇಬ್ಬರೂ ಅದನ್ನೇ ಹಂಚಿಕೊಳ್ಳಬೇಕು. ನಮ್ಮ ಕಡೆ ಎಡಿಯಸ್ ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡುವ ಬಹಳಷ್ಟು ಸ್ಟುಡಿಯೋಗಳು ಇಂಟೆಲ್‌ನ ಒಳಗ್ರಾಫಿಕ್ಸ್ ಮೇಲೇ ನಡೆಯುತ್ತವೆ. ಅವರಿಗೆ ಒಂಟಿ ಸ್ಟಿಕ್ ಕೊಟ್ಟು ಕಳಿಸುವುದು ಅನ್ಯಾಯ. ಎರಡನೇ ಸ್ಟಿಕ್ ಹಾಕಿದ ಮರುಗಳಿಗೆಯೇ ಮಲ್ಟಿಕ್ಯಾಮ್ ಸರಾಗವಾಗಿ ಓಡಿದ್ದನ್ನು ಕಂಡು ಹಿಗ್ಗಿದ ಹುಡುಗರನ್ನು ನಾನು ನೋಡಿದ್ದೇನೆ.

ಇದೆಲ್ಲಕ್ಕಿಂತ ದೊಡ್ಡದು ಎಷ್ಟು ಜಿಬಿ ಇದೆ ಎಂಬುದು. ಪ್ರೀಮಿಯರ್ ಪ್ರೊ ತಯಾರಿಸುವ ಅಡೋಬಿಯ ಶಿಫಾರಸೇ ಎಚ್‌ಡಿ ಕೆಲಸಕ್ಕೆ 16 ಜಿಬಿ, 4ಕೆಗೆ 32 ಅಥವಾ ಅದಕ್ಕೂ ಹೆಚ್ಚು. ರ‍್ಯಾಮ್ ತುಂಬಿಹೋದಾಗ ವಿಂಡೋಸ್ ಉಳಿದದ್ದನ್ನು ಡಿಸ್ಕಿನಲ್ಲಿ ಇಡತೊಡಗುತ್ತದೆ. ಸಾಟಾ ಎಸ್‌ಎಸ್‌ಡಿಯ ವೇಗ ಸೆಕೆಂಡಿಗೆ ಸುಮಾರು ಅರ್ಧ ಜಿಬಿ, ತಿರುಗುವ ಹಾರ್ಡ್‌ಡಿಸ್ಕಿನದು ಅದಕ್ಕೂ ಎಷ್ಟೋ ಕಡಿಮೆ. 51 ಜಿಬಿಯ ದಾರಿಯಿಂದ ಅರ್ಧ ಜಿಬಿಯ ದಾರಿಗೆ ಇಳಿದಾಗ ಟೈಮ್‌ಲೈನ್ ನಿಂತು ನಿಂತು ಹೋಗುವುದು ಸಹಜವೇ. 3200 ಎಂಬ ಹೆಸರಿನ 8 ಜಿಬಿಗಿಂತ 2400ರಲ್ಲಿ ಓಡುವ 32 ಜಿಬಿ ನಮ್ಮ ಕೆಲಸಕ್ಕೆ ಸಾವಿರ ಪಾಲು ಮೇಲು. 2022ರಲ್ಲಿ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ಜಿಲ್ಲೆಯ ಸ್ಟುಡಿಯೋಗಳೆಲ್ಲ ಅದಿರುವ ಮಾರಿಕಣಿವೆಗೆ ಡ್ರೋನ್ ಹೊತ್ತು ಹೋಗಿದ್ದವು. ಪ್ರೀ-ವೆಡ್ಡಿಂಗ್ ಶೂಟ್ ಎಂದರೆ 4ಕೆ ಎಂಬುದು ನಮ್ಮಲ್ಲಿ ರೂಢಿಯಾದದ್ದು ಆ ಹೊತ್ತಿನಲ್ಲೇ. ಕ್ಯಾಮೆರಾ 4ಕೆಗೆ ಏರಿತು, ಎಡಿಟಿಂಗ್ ಸಿಸ್ಟಂ ಮಾತ್ರ 8 ಜಿಬಿಯಲ್ಲೇ ಉಳಿಯಿತು.

ಇನ್ನೊಂದು ಅನ್ಯಾಯ ಸೆಕೆಂಡ್ ಹ್ಯಾಂಡ್ ಸಿಸ್ಟಂಗಳದ್ದು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಕಚೇರಿ ಬಳಕೆಯ ಹಳೆ ಸಿಸ್ಟಂಗಳು ನಮ್ಮೂರುಗಳಿಗೆ ಬರುತ್ತವೆ. ಎಂಟನೇ, ಒಂಬತ್ತನೇ ಜನರೇಷನ್ನಿನ ಐ5, ಎಚ್310 ಅಥವಾ ಬಿ360 ಬೋರ್ಡು. ಒಳ್ಳೆಯ ಸಿಸ್ಟಂಗಳೇ, ಎಚ್‌ಡಿ ಕೆಲಸಕ್ಕೆ ಇವತ್ತಿಗೂ ಸಾಕು. ಆದರೆ ಆ ಬೋರ್ಡುಗಳಲ್ಲಿ ರ‍್ಯಾಮ್ 2666 ದಾಟುವುದಿಲ್ಲ, ಇಂಟೆಲ್ಲೇ ಅಲ್ಲಿ ಮಿತಿ ಹಾಕಿದೆ. ಕಡಿಮೆ ದರದ ಬಿ ಸಾಲಿನ ಬೋರ್ಡುಗಳಲ್ಲಿ ಇಂಟೆಲ್ ಈ ಮಿತಿ ಸಡಿಲಿಸಿದ್ದು 2021ರ ಬಿ560ರಿಂದ. ಹೀಗಿದ್ದೂ ಆ ಹಳೆ ಬೋರ್ಡಿಗೆ "ಸ್ಪೀಡ್ ಬರುತ್ತೆ" ಎಂದು ಹೇಳಿ 3200ರ ಸ್ಟಿಕ್ ಮಾರುತ್ತಾರೆ. ಎಕ್ಸ್‌ಎಂಪಿ ನಡೆಯದ ಬೋರ್ಡಿನಲ್ಲಿ ಆ ಸ್ಟಿಕ್ ತನ್ನ ಮೂಲ ವೇಗಕ್ಕೆ ಇಳಿಯುತ್ತದೆ. ಕೆಲವು ಸ್ಟಿಕ್ಕುಗಳ ಮೂಲ ವೇಗ 2133 ಅಥವಾ 2400 ಆಗಿರುವುದರಿಂದ, ಅಗ್ಗದ ಸಾದಾ 2666ರ ಸ್ಟಿಕ್ಕಿಗಿಂತಲೂ ಅದು ನಿಧಾನವಾಗಿ ಓಡುತ್ತದೆ. ಹೆಚ್ಚು ದುಡ್ಡು ಕೊಟ್ಟು ಕಡಿಮೆ ವೇಗ ಕೊಂಡ ಹುಡುಗನಿಗೆ ಇದನ್ನು ವಿವರಿಸುವಾಗ ನನಗೆ ಸಂಕಟವಾಗುತ್ತದೆ.

ಆದರೂ ನಿಧಾನವನ್ನು ತಾಳಿಕೊಳ್ಳಬಹುದು. ನನ್ನನ್ನು ಕಾಡುವುದು ಇನ್ನೊಂದು ಕಡೆಯ ತಪ್ಪು, ಬೋರ್ಡು ತಾಳದಷ್ಟು ವೇಗಕ್ಕೆ ಏರಿಸಿ ಕೊಡುವುದು. ಹೊಳಲ್ಕೆರೆ ಕಡೆಯ ಒಬ್ಬ ಹುಡುಗ ತಂದ ಸಿಸ್ಟಂ ನೆನಪಿದೆ. "ಅಕ್ಕಾ, ಎಕ್ಸ್‌ಪೋರ್ಟ್ ಹಾಕಿದ್ರೆ ಎಲ್ಲಾದ್ರೂ ಒಂದ್ಕಡೆ ಹಸ್ರು ಚೌಕ ಬಂದ್ಬಿಡ್ತೈತೆ. ಇನ್ನೊಂದ್ಸಲ ಹಾಕಿದ್ರೆ ಅಲ್ಲಿ ಹೋಗಿ ಬೇರೆ ಕಡೆ ಬರ್ತೈತೆ" ಎಂದ. ತಪ್ಪು ಜಾಗ ಬದಲಿಸಿತು ಎಂದ ಕೂಡಲೇ ನನ್ನ ಕಣ್ಣು ರ‍್ಯಾಮ್ ಕಡೆ ಹೋಯಿತು. ಮೂಲ ಫೈಲ್ ಕೆಟ್ಟಿದ್ದರೆ ಹಸಿರು ಚೌಕ ಪ್ರತಿ ಸಲವೂ ಅದೇ ಫ್ರೇಮಿನಲ್ಲಿ ಬರುತ್ತದೆ. ಡಬ್ಬ ಬಿಚ್ಚಿದರೆ ನಾಲ್ಕು ಸ್ಟಿಕ್. ಎರಡು ಹಳೆಯವು, 2666ರವು, 1.2 ವೋಲ್ಟಿಗೆ ಮಾಡಿದವು. ಇನ್ನೆರಡು ಹೊಸವು, ಬೇರೆ ಕಂಪನಿಯ 3200ರವು. ಸಿಸ್ಟಂ ಜೋಡಿಸಿದ ಅಂಗಡಿಯವರು ಎಕ್ಸ್‌ಎಂಪಿ ಆನ್ ಮಾಡಿ ನಾಲ್ಕನ್ನೂ 3200ಕ್ಕೆ, 1.35 ವೋಲ್ಟಿಗೆ ಏರಿಸಿಬಿಟ್ಟಿದ್ದರು. ವಿಂಡೋಸ್ ತೆರೆಯುತ್ತದೆ, ಯೂಟ್ಯೂಬ್ ಓಡುತ್ತದೆ, ಆಲ್ಬಂ ಡಿಸೈನ್ ಆಗುತ್ತದೆ. ಗಂಟೆಗಟ್ಟಲೆ ರ‍್ಯಾಮ್ ತುಂಬ ಫ್ರೇಮು ತುಂಬಿಸಿ ಖಾಲಿ ಮಾಡುವ ಎಕ್ಸ್‌ಪೋರ್ಟ್‌ನಲ್ಲಿ ಮಾತ್ರ ಹಳೆ ಸ್ಟಿಕ್ಕುಗಳು ಸೋಲುತ್ತಿದ್ದವು.

ರಾತ್ರಿ, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಹಾಕಿ ಬಿಟ್ಟೆ. ಬೆಳಗ್ಗೆ ಪರದೆ ತುಂಬ ಕೆಂಪು ಸಾಲುಗಳಿದ್ದವು. ಎಕ್ಸ್‌ಎಂಪಿ ತೆಗೆದು 2666ಕ್ಕೆ, 1.2 ವೋಲ್ಟಿಗೆ ಇಳಿಸಿ ಮತ್ತೆ ಓಡಿಸಿದರೆ ಒಂದೂ ತಪ್ಪಿಲ್ಲ. ಎಕ್ಸ್‌ಪೋರ್ಟ್ ಸಮಯ ಹೆಚ್ಚಾದದ್ದು ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟು ಹೊತ್ತು.

ಅಲ್ಲಿಗೆ ಮುಗಿಯಲಿಲ್ಲ. ಅವನ ಆ ಮದುವೆಯ ಫೈಲುಗಳನ್ನು ನನ್ನ ಸಿಸ್ಟಂನಲ್ಲಿ ಎಕ್ಸ್‌ಪೋರ್ಟ್ ಮಾಡಿದಾಗಲೂ ಒಂದು ಕಡೆ ಹಸಿರು ಚೌಕ ಉಳಿಯಿತು. ಮತ್ತೆ ಮಾಡಿದರೂ ಅಲ್ಲೇ. ಮದುವೆಯಾದ ಜೋಡಿ ಮನೆಯವರ ಜೊತೆ ನಮ್ಮೂರಿನ ಗಂಗಮ್ಮನ ಕೊಳಕ್ಕೆ ಬಂದಿದ್ದ ಭಾಗ ಅದು. ಹಾಲುರಾಮೇಶ್ವರಕ್ಕೆ ಬಂದವರಿಗೆ ಗೊತ್ತು, ಮನಸ್ಸಿನಲ್ಲಿ ಬೇಡಿಕೊಂಡು ಕೊಳದ ಮುಂದೆ ಕಾಯುತ್ತಾರೆ, ನೀರಿನಲ್ಲಿ ತೇಲಿ ಬಂದದ್ದನ್ನು ಪ್ರಸಾದವೆಂದು ತೆಗೆದುಕೊಳ್ಳುತ್ತಾರೆ. ಕಾಯುವುದು ಬಹಳ ಹೊತ್ತು, ಕೈಗೆ ಬರುವುದು ಒಂದು ಗಳಿಗೆ. ಹುಡುಗಿಯ ತಾಯಿ ಸೆರಗೊಡ್ಡುವ ಆ ಗಳಿಗೆಯಲ್ಲೇ ಚಿತ್ರ ಒಡೆದು, ಹಸಿರು ಚೌಕಗಳು ಅವರ ಮುಖದ ಮೇಲೆ ಕೂತಿದ್ದವು. ಕ್ಯಾಮೆರಾ ಕಾರ್ಡಿನಿಂದ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡುವಾಗಲೂ ಪ್ರತಿ ಬೈಟೂ ರ‍್ಯಾಮ್ ಮೂಲಕವೇ ಹಾದು ಹೋಗುತ್ತದೆ. ಅಲ್ಲಿ ಒಂದು ಸೊನ್ನೆ ಒಂದಾದರೆ ಕಂಪ್ಯೂಟರ್ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ, ಕಾಪಿ ಮುಗಿಯಿತು ಎಂದೇ ಹೇಳುತ್ತದೆ. ಕಾರ್ಡನ್ನು ಮುಂದಿನ ಮುಹೂರ್ತಕ್ಕಾಗಿ ಫಾರ್ಮ್ಯಾಟ್ ಮಾಡಿಯಾಗಿತ್ತು. ಆ ತಾಯಿಯ ಮುಖ ಇನ್ನೆಲ್ಲೂ ಇರಲಿಲ್ಲ. ಪಕ್ಕದ ಕ್ಯಾಮೆರಾದ ದೂರದ ಶಾಟ್ ಹಾಕಿ ಜಾಗ ಮುಚ್ಚಿದೆ.

ಇಂಥ ತಪ್ಪುಗಳು ಅಪರೂಪ ಎಂದುಕೊಳ್ಳುವ ಹಾಗಿಲ್ಲ. ಗೂಗಲ್‌ನ ಸರ್ವರ್‌ಗಳನ್ನು ಎರಡೂವರೆ ವರ್ಷ ಗಮನಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷಕ್ಕೆ ಶೇ 8ಕ್ಕಿಂತ ಹೆಚ್ಚು ಸ್ಟಿಕ್ಕುಗಳಲ್ಲಿ ಮೆಮೊರಿ ತಪ್ಪುಗಳು ಕಂಡುಬಂದಿದ್ದವು. ಅವೆಲ್ಲ ನಿಗದಿತ ವೋಲ್ಟೇಜ್‌ನಲ್ಲಿ, ತಂಪು ಕೋಣೆಯಲ್ಲಿ, ತಪ್ಪನ್ನು ತಾನೇ ಹಿಡಿದು ತಿದ್ದುವ ಇಸಿಸಿ ರ‍್ಯಾಮ್ ಹಾಕಿಕೊಂಡ ಸರ್ವರ್‌ಗಳು. ನಮ್ಮ ಸಾದಾ ಸಿಸ್ಟಂಗಳಲ್ಲಿ ಆ ತಿದ್ದುವ ವ್ಯವಸ್ಥೆಯೇ ಇಲ್ಲ. ಇಲ್ಲದಿರುವಾಗ ವೇಗದ ತುತ್ತತುದಿಯಲ್ಲಿ ಓಡಿಸುವುದು ಯಾರಿಗಾಗಿ?

ವೋಲ್ಟೇಜ್ ಎಂದ ಕೂಡಲೇ ನಮ್ಮ ಕಡೆಯವರು ಬೆಸ್ಕಾಂ ಲೈನಿನ ಕಡೆ ಕೈ ತೋರಿಸುತ್ತಾರೆ. ಪಂಪ್‌ಸೆಟ್ ಲೈನ್ ಆನ್ ಆದರೆ ಮನೆಯ ಬಲ್ಬು ಮಂಕಾಗುವ ಊರಲ್ಲಿ ಆ ಅನುಮಾನ ಸಹಜ. ಸಿಸ್ಟಂ ಕೆಟ್ಟಿತು ಎಂದಾಗ ಸ್ಟೆಬಿಲೈಸರ್ ಹಾಕಿಸಿ ಎಂದು ಹೇಳಿ ಕಳಿಸುವ ಅಂಗಡಿಯವರೂ ಇದ್ದಾರೆ. ಗೋಡೆಯ 230 ವೋಲ್ಟನ್ನು ಎಸ್‌ಎಂಪಿಎಸ್ 12, 5, 3.3 ವೋಲ್ಟುಗಳಿಗೆ ಇಳಿಸುತ್ತದೆ. ಅಲ್ಲಿಂದ ರ‍್ಯಾಮ್‌ಗೆ ಬೇಕಾದ 1.2 ವೋಲ್ಟನ್ನು ಮದರ್‌ಬೋರ್ಡಿನ ಸರ್ಕಿಟ್ ತಯಾರಿಸುತ್ತದೆ. ಡಿಡಿಆರ್5ರಲ್ಲಂತೂ ಆ ಸರ್ಕಿಟ್ ಸ್ಟಿಕ್ಕಿನ ಮೇಲೇ ಕೂತಿದೆ. ಲೈನ್ 230ರಿಂದ 200ಕ್ಕೆ ಇಳಿದರೂ ಒಳ್ಳೆಯ ಎಸ್‌ಎಂಪಿಎಸ್ ಇದ್ದರೆ ರ‍್ಯಾಮ್‌ಗೆ ಅದರ ಸುಳಿವೂ ಸಿಗುವುದಿಲ್ಲ. ಹಾಗಾಗಿ ಬಯೋಸ್‌ನಲ್ಲಿ ತಪ್ಪಾಗಿ ಕೂರಿಸಿದ ರ‍್ಯಾಮ್ ವೋಲ್ಟೇಜನ್ನು ಯಾವ ಸ್ಟೆಬಿಲೈಸರ್ ಕೂಡ ಸರಿಮಾಡಲಾರದು. ಕರೆಂಟು ಪಟ್ಟನೆ ಹೋದಾಗ ಪ್ರಾಜೆಕ್ಟ್ ಫೈಲ್ ಉಳಿಯಲು ಯುಪಿಎಸ್ ಬೇಕೇ ಬೇಕು, ಅಗ್ಗದ ಎಸ್‌ಎಂಪಿಎಸ್ ಬೇಡವೇ ಬೇಡ. ಆದರೆ ಲೈನಿನ ಸಮಸ್ಯೆಯನ್ನೂ ರ‍್ಯಾಮ್ ವೋಲ್ಟೇಜಿನ ಸಮಸ್ಯೆಯನ್ನೂ ಒಂದಕ್ಕೊಂದು ಗಂಟು ಹಾಕಿ ಗಿರಾಕಿಯನ್ನು ಮನೆಗೆ ಕಳಿಸಬಾರದು.

ಸಣ್ಣ ಅಂಗಡಿಯವರನ್ನಷ್ಟೇ ದೂರುವುದೂ ಸರಿಯಲ್ಲ. 2023ರಲ್ಲಿ ಎಎಂಡಿಯ ರೈಜನ್ 7000 ಸಾಲಿನ ಕೆಲವು ಪ್ರೊಸೆಸರ್‌ಗಳು ಬೋರ್ಡಿನ ಮೇಲೇ ಸುಟ್ಟುಹೋದ ಸುದ್ದಿ ಜಗತ್ತಿನಾದ್ಯಂತ ಬಂತು. ಎಕ್ಸ್‌ಪೋ ಆನ್ ಮಾಡಿದಾಗ ಕೆಲವು ಬೋರ್ಡುಗಳು ಪ್ರೊಸೆಸರ್ ಒಳಗೆ ಮೆಮೊರಿ ನೋಡಿಕೊಳ್ಳುವ ಭಾಗಕ್ಕೆ ವಿಪರೀತ ವೋಲ್ಟೇಜ್ ಕೊಡುತ್ತಿದ್ದವು. ಕೊನೆಗೆ ಎಎಂಡಿ ಅದಕ್ಕೆ 1.3 ವೋಲ್ಟಿನ ಮಿತಿ ಹಾಕಬೇಕಾಯಿತು. ಮಾರನೆಯ ವರ್ಷ ಇಂಟೆಲ್‌ನ 13, 14ನೇ ಜನರೇಷನ್ ಪ್ರೊಸೆಸರ್‌ಗಳ ಸರದಿ. ಅಲ್ಲಿ ಹೆಚ್ಚಾದದ್ದು ರ‍್ಯಾಮ್ ವೋಲ್ಟೇಜ್ ಅಲ್ಲ, ಪ್ರೊಸೆಸರ್‌ನದೇ. ಆದರೂ ರೋಗ ಒಂದೇ ಜಾತಿಯದು. ಇಂಟೆಲ್ ಆಗಸ್ಟ್‌ನಲ್ಲಿ ಹೊಸ ಮೈಕ್ರೋಕೋಡ್ ಕೊಟ್ಟು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಅಂಥ ದೊಡ್ಡ ಕಂಪನಿಗಳೇ ವೇಗದ ಪೈಪೋಟಿಯಲ್ಲಿ ವೋಲ್ಟೇಜ್ ಎಡವಿದ ಮೇಲೆ, ಯೂಟ್ಯೂಬ್ ವಿಡಿಯೋ ನೋಡಿ ಬಯೋಸ್‌ನಲ್ಲಿ 1.45, 1.5 ಎಂದು ಕೈಯಾರೆ ತುಂಬುವುದನ್ನು ನಮ್ಮ ಹುಡುಗರು ಇವತ್ತೇ ನಿಲ್ಲಿಸಬೇಕು. ಗೇಮ್ ಆಡುವವನ ಸಿಸ್ಟಂ ಹ್ಯಾಂಗ್ ಆದರೆ ಅವನು ಮತ್ತೆ ಆಡಿಯಾನು. ತಾಳಿ ಕಟ್ಟುವುದನ್ನು ಮತ್ತೊಮ್ಮೆ ಶೂಟ್ ಮಾಡಲು ಬರುವುದಿಲ್ಲ. ಸಾಣೇಹಳ್ಳಿಯ ನಾಟಕೋತ್ಸವದಲ್ಲಿ ಎರಡು ಗಂಟೆಯ ನಾಟಕವನ್ನು ಒಂದೇ ಉಸಿರಿಗೆ ರೆಕಾರ್ಡ್ ಮಾಡಿಕೊಂಡು ಬಂದವರಿಗೂ ಇದೇ ಮಾತು.

ಈ ಹುಡುಗರ ಬಗ್ಗೆ ನನಗೆ ದೊಡ್ಡ ಆಸೆಯಿದೆ. ಕಲಬುರಗಿಯ ಉಜ್ವಲ್ ಕುಲಕರ್ಣಿ ಫ್ಯಾನ್ ಎಡಿಟ್ ಮಾಡುತ್ತಾ ಬೆಳೆದು, ಇಪ್ಪತ್ತರ ಆಸುಪಾಸಿನಲ್ಲೇ 2022ರ 'ಕೆಜಿಎಫ್ ಚಾಪ್ಟರ್ 2'ರ ಸಂಕಲನಕಾರರಾದರು. ಹೊಸದುರ್ಗದಲ್ಲೂ ಅಂಥ ಕೈಗಳಿವೆ. ರಾತ್ರಿಯೆಲ್ಲ ಕೂತು ಹಾಡಿನ ಒಂದೊಂದು ತಾಳಕ್ಕೂ ಶಾಟ್ ಕತ್ತರಿಸುವವರನ್ನು ನಾನು ದಿನಾ ನೋಡುತ್ತೇನೆ. ಅವರ ಬಂಡವಾಳವೆಂದರೆ ಒಂದು ಕ್ಯಾಮೆರಾ, ಒಂದು ಸಿಸ್ಟಂ. ಕ್ಯಾಮೆರಾದ ಬಗ್ಗೆ ಎಲ್ಲರೂ ಕಲಿಸುತ್ತಾರೆ, ಕಂಪನಿಯವರೇ ಜಿಲ್ಲಾ ಕೇಂದ್ರಕ್ಕೆ ಬಂದು ವರ್ಕ್‌ಶಾಪ್ ಮಾಡುತ್ತಾರೆ. ಸಿಸ್ಟಂ ಒಳಗೇನಿದೆ ಎಂದು ಕಲಿಸುವವರು ಯಾರೂ ಇಲ್ಲ. ನಮ್ಮ ತಾಲ್ಲೂಕುಗಳ ಐಟಿಐ, ಡಿಪ್ಲೊಮಾ ಕಾಲೇಜುಗಳು ಛಾಯಾಗ್ರಾಹಕರ ಸಂಘಗಳ ಜೊತೆ ಸೇರಿ ಸೀಸನ್ ಇಲ್ಲದ ಆಷಾಢದಲ್ಲಿ ಒಂದು ದಿನ ಇದಕ್ಕೆ ಮೀಸಲಿಟ್ಟರೆ ಸಾಕು. ಬಯೋಸ್‌ಗೆ ಹೋಗುವುದು, ಎಕ್ಸ್‌ಎಂಪಿ ಇದೆಯೇ ನೋಡುವುದು, ಮೆಮ್‌ಟೆಸ್ಟ್ ಓಡಿಸುವುದು, ಕಾಪಿ ಮಾಡಿದ ಮೇಲೆ ಮೂಲಕ್ಕೆ ತಾಳೆ ನೋಡುವ ಸಾಫ್ಟ್‌ವೇರ್ ಬಳಸುವುದು. ಎಲ್ಲವೂ ಪುಕ್ಕಟೆ ಸಿಗುವ ಸಾಧನಗಳೇ. ಬೋರ್ಡಿನ ಮೇಲಿರುವ ನಾಣ್ಯದಾಕಾರದ ಬ್ಯಾಟರಿ ಮುಗಿದರೆ ಬಯೋಸ್ ಸೆಟ್ಟಿಂಗ್‌ಗಳೆಲ್ಲ ಮೂಲಕ್ಕೆ ಮರಳಿ ಎಕ್ಸ್‌ಎಂಪಿ ಸದ್ದಿಲ್ಲದೆ ಆಫ್ ಆಗುತ್ತದೆ ಎಂಬ ಸಣ್ಣ ಸಂಗತಿಯನ್ನು ಹೇಳಿಕೊಟ್ಟರೂ ಎಷ್ಟೋ ಜನರ ತಲೆನೋವು ತಪ್ಪುತ್ತದೆ.

2025ರ ಕೊನೆಯಿಂದ ರ‍್ಯಾಮ್ ಬೆಲೆ ಕೈಗೆಟುಕದಂತೆ ಏರಿದೆ. ಎಐ ಡೇಟಾ ಸೆಂಟರ್‌ಗಳು ಚಿಪ್ಪುಗಳನ್ನು ಬಾಚಿಕೊಳ್ಳುತ್ತಿವೆ. ಮೈಕ್ರಾನ್ ಕಂಪನಿ ತನ್ನ ಕ್ರೂಷಿಯಲ್ ಹೆಸರಿನ ಸ್ಟಿಕ್ಕುಗಳನ್ನು ಸಾಮಾನ್ಯ ಗ್ರಾಹಕರಿಗೆ ಮಾರುವುದನ್ನು ನಿಲ್ಲಿಸುವುದಾಗಿ ಆ ಡಿಸೆಂಬರ್‌ನಲ್ಲೇ ಘೋಷಿಸಿತು. ಬೆಲೆ ಏರಿದಾಗ ಹಳೆಯದಕ್ಕೆ ಹೊಸದನ್ನು ಬೆರೆಸುವುದು, ಸೆಕೆಂಡ್ ಹ್ಯಾಂಡ್ ಸ್ಟಿಕ್ ಹಾಕಿಸಿಕೊಳ್ಳುವುದು ಇನ್ನೂ ಹೆಚ್ಚುತ್ತದೆ. ಬೆರೆಸಲೇಬೇಕಾದರೆ ಬೆರೆಸಿ, ಆದರೆ ಎಲ್ಲವೂ ತಾಳುವ ವೇಗಕ್ಕೆ, 1.2 ವೋಲ್ಟಿಗೆ ಇಳಿಸಿ ಓಡಿಸಿ. ಅದರಿಂದ ಕೆಲಸ ಕೆಡುವುದಿಲ್ಲ.

ಅಂಗಡಿಯವರಿಂದ ನಾವು ಕೇಳಬೇಕಾದದ್ದು ಹೆಚ್ಚೇನಲ್ಲ. ಬಿಲ್ಲಿನಲ್ಲಿ ಸ್ಟಿಕ್ಕುಗಳ ಸಂಖ್ಯೆ, ಓಡುತ್ತಿರುವ ವೇಗ, ಬಯೋಸ್‌ನಲ್ಲಿ ಕಾಣುವ ವೋಲ್ಟೇಜ್, ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಿದ ಫೋಟೊ, ಇಷ್ಟು. ಬರಹದಲ್ಲಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ಅದೇ ಸಾಕ್ಷಿಯಾಗುತ್ತದೆ. 1915 ಸಹಾಯವಾಣಿಗೆ ಫೋನ್ ಮಾಡಿದರೂ ಮೊದಲು ಕೇಳುವುದು ಬಿಲ್ಲನ್ನೇ. ಚಿತ್ರದುರ್ಗದ ಒಂದಿಬ್ಬರು ಅಂಗಡಿಯವರು ಕೇಳಿದ ಮೇಲೆ ಹೀಗೆ ಬರೆದುಕೊಡಲು ಶುರು ಮಾಡಿದ್ದಾರೆ, ಅವರ ಗಿರಾಕಿಗಳೇನೂ ಕಡಿಮೆಯಾಗಿಲ್ಲ. ಮುಂದಿನ ಸೀಸನ್ನಿಗೆ ಸಿಸ್ಟಂ ಕೊಳ್ಳಲು ಹೊರಟಿರುವವರು ಮುಂಗಡ ಕೊಡುವ ಮೊದಲೇ ಈ ನಾಲ್ಕನ್ನೂ ಕೇಳಿ. ಬರೆದುಕೊಡುವುದಿಲ್ಲ ಎಂದರೆ ಪಕ್ಕದ ಅಂಗಡಿಗೆ ಹೋಗಿ.